ಮುಖಲೇಪದ ಮನೆಗಳಲ್ಲಿ ಕಾಣಿಸಿಕೊಂಡವರು

ಹೊಸಂಗಡಿಯಲ್ಲಿ ಮೆಡಿಕಲ್ ಶಾಪಿನ ಮಾಳಿಗೆಯ ಮೇಲೆ ನನ್ನದೊಂದು ಬ್ಯೂಟಿ ಪಾರ್ಲರ್ ಉಂಟು. ಹುಬ್ಬು ತಿದ್ದಿಸಲು ಬಂದವರು ಮನೆಯಲ್ಲೇ ಮುಖಕ್ಕೆ ಎಂತ ಹಚ್ಚಬಹುದು ಎಂದು ಕೇಳುತ್ತಾರೆ. ಎಣ್ಣೆ ಚರ್ಮಕ್ಕೆ ಇದು, ಒಣ ಚರ್ಮಕ್ಕೆ ಅದು ಎಂದು ಹೇಳಿ ಕಳಿಸುತ್ತೇನೆ. ನನ್ನ ಕೆಲಸ ಅಲ್ಲಿಗೆ ಮುಗಿಯಬೇಕು. ಆದರೆ ಆಮೇಲೆ ಆ ಮನೆಗಳಲ್ಲಿ ಯಾರ್ಯಾರೋ ಕಾಣಿಸಿಕೊಳ್ಳುತ್ತಾರೆ. ಸುದ್ದಿ ನನ್ನ ಕುರ್ಚಿಗೇ ಬರುತ್ತದೆ.

ಒಣ ಚರ್ಮ

ಬೆಳ್ಳೂರಿನ ಒಬ್ಬ ನಿವೃತ್ತ ಮಾಸ್ತರರ ಹೆಂಡತಿಗೆ ಹಾಲಿನ ಕೆನೆಯಲ್ಲಿ ಅರಸಿನ ಕಲಸಿ ಹಚ್ಚಲು ಹೇಳಿದ್ದೆ. ವಾರ ಕಳೆಯುವಷ್ಟರಲ್ಲಿ ಅವರ ಮನೆಯ ಗೋಡೆಯಲ್ಲಿ ಹಳದಿ ಅಂಗೈ ಗುರುತು ಮೂಡಿತು. ಮರುದಿನ ಬಾವಿಯ ಕಂಬದಲ್ಲಿ, ಆಮೇಲೆ ದೇವರ ಕೋಣೆಯ ಬಾಗಿಲಲ್ಲಿ. ಹೆಂಡತಿ ತನ್ನ ಕೈ ಇಟ್ಟು ನೋಡಿದರು, ಗುರುತು ದೊಡ್ಡದು. ಅವರಿಗೆ ಅನ್ನ ಇಳಿಯಲಿಲ್ಲ. ಇಂಥದ್ದನ್ನೆಲ್ಲ ನಂಬಬಾರದು ಎಂದು ಮಾಸ್ತರರು ಪಾಠ ಮಾಡಿದರೂ ಜೋಯಿಸರಿಗೆ ಹೇಳಿಕಳಿಸಿದ್ದಾಯಿತು. ಜೋಯಿಸರು ಗೋಡೆ ನೋಡಿದರು, ಕಂಬ ನೋಡಿದರು, ಕೊನೆಗೆ ಮಾಸ್ತರರ ಮುಖವನ್ನೇ ನೋಡುತ್ತ ನಿಂತರು. ಮುಖ ಫಳಫಳ ಹೊಳೆಯುತ್ತಿತ್ತು.

ಮಾಸ್ತರರು ತಲೆ ತಗ್ಗಿಸಿ ಹೇಳಿದರಂತೆ: "ಕನ್ನಡಕ ತೆಗೆಯದೆ ಹಚ್ಚಲಿಕ್ಕೆ ಆಗುವುದಿಲ್ಲ. ತೆಗೆದರೆ ಗೋಡೆ ಹಿಡಿಯದೆ ನಡೆಯಲಿಕ್ಕೆ ಆಗುವುದಿಲ್ಲ."

ಮಿಶ್ರ ಚರ್ಮ

ಎಣ್ಮಕಜೆ ಕಡೆಯ ಒಬ್ಬ ಕಾಲೇಜು ಹುಡುಗಿಗೆ ಮೊಟ್ಟೆಯ ಬಿಳಿ ಹಚ್ಚಿ, ಮೇಲೆ ತೆಳು ಕಾಗದ ಅಂಟಿಸಿ, ಒಣಗಿದ ಮೇಲೆ ಎಳೆದು ತೆಗೆಯಲು ಹೇಳಿದ್ದೆ. ಅವಳು ಜಾಣೆ, ಎಲ್ಲಿಯೂ ಹರಿಯದ ಹಾಗೆ ತೆಗೆದಳು. ಮೂಗು, ಕೆನ್ನೆ, ಗಲ್ಲ ಎಲ್ಲ ಇದ್ದ ಹಾಗೇ ಬಂತು. ನನಗೆ ತೋರಿಸಬೇಕೆಂದು ಬಚ್ಚಲಿನ ಕನ್ನಡಿಗೆ ಅಂಟಿಸಿಟ್ಟಳು.

ಮಟಮಟ ಮಧ್ಯಾಹ್ನ. ದುಬೈಯಿಂದ ಆಗಷ್ಟೇ ಬಂದಿಳಿದ ಅಣ್ಣ ಸ್ನಾನಕ್ಕೆ ಹೋದ. ಕನ್ನಡಿಯಲ್ಲಿ ಅವನ ಮುಖ ಇರಬೇಕಾದಲ್ಲಿ ಕಣ್ಣಿಲ್ಲದ ಬೇರೊಂದು ಮುಖ. ಗಾಳಿಗೆ ಅದರ ಕೆನ್ನೆ ಸಣ್ಣಗೆ ಅಲುಗುತ್ತಿತ್ತು. ಅವನು ಮೆಲ್ಲನೆ ಹೊರಗೆ ಬಂದು, ಮನೆಯಲ್ಲಿ ಈಗ ಯಾರ್ಯಾರಿದ್ದೇವೆ ಎಂದು ಅಮ್ಮನನ್ನು ಕೇಳಿದ. ನಾವೇ ಮೂವರು ಎಂದರು ಅಮ್ಮ. "ಹಾಗಾದರೆ ಒಳಗೆ ಇರುವುದು ಯಾರು?" ಎಂದ.

ತಂಗಿ ಎದ್ದುಹೋಗಿ ಮುಖವನ್ನು ಕಿತ್ತು ತಂದಳು. "ನನ್ನದು," ಎಂದು ಮಡಚಿ ಪರ್ಸಿಗೆ ಹಾಕಿಕೊಂಡಳು. ಅಣ್ಣ ಆ ರಜೆಯಿಡೀ ಬಾವಿಕಟ್ಟೆಯಲ್ಲೇ ಮಿಂದ.

ಎಣ್ಣೆ ಚರ್ಮ

ಇಲ್ಲೇ ಹತ್ತಿರದ ಮನೆಯ ಒಬ್ಬ ಸೊಸೆ. ಅವಳಿಗೂ ಅತ್ತೆಗೂ ದಿನಾ ಜಗಳ. ಸಾರು ಸಪ್ಪೆಯಾದರೂ ಅವಳದೇ ತಪ್ಪು, ಬೆಕ್ಕು ಹಾಲು ಕುಡಿದರೂ ಅವಳದೇ ತಪ್ಪು. ತವರಿಗೆ ಹೋಗಿಬಿಡುತ್ತೇನೆ ಎಂದು ನನ್ನಲ್ಲಿ ಅತ್ತಿದ್ದಳು. ಸಮಾಧಾನಕ್ಕೆಂದು ಮುಲ್ತಾನಿ ಮಣ್ಣು ಕೊಟ್ಟು, ಒಣಗುವವರೆಗೆ ಬಾಯಿ ಬಿಡಬೇಡ, ಬಿಟ್ಟರೆ ಚರ್ಮ ಸುಕ್ಕಾಗುತ್ತದೆ ಎಂದಿದ್ದೆ.

ಮುಸ್ಸಂಜೆ ಅವಳು ದಪ್ಪಕ್ಕೆ ಹಚ್ಚಿ, ತಲೆಗೆ ಬಿಳಿ ಬಟ್ಟೆ ಸುತ್ತಿ, ಕತ್ತಲೆ ಕೋಣೆಯ ಮಂಚದಲ್ಲಿ ಕೂತಳು. ಅದು ಅತ್ತೆಯ ಅಕ್ಕ ತೀರಿಹೋದ ಮಂಚ. ದೀಪ ಹಚ್ಚಲು ಬಂದ ಅತ್ತೆ ಬಾಗಿಲಲ್ಲೇ ಕಲ್ಲಾದರು. ಬಿಳಿ ಮುಖ ಅವರನ್ನೇ ನೋಡುತ್ತಿತ್ತು. ತುಟಿ ಅಲುಗಲಿಲ್ಲ.

"ಅಕ್ಕ," ಎಂದರು ಅತ್ತೆ. "ಯಾರನ್ನು ಕರೆದುಕೊಂಡು ಹೋಗಲಿಕ್ಕೆ ಬಂದೆ? ನನ್ನನ್ನಾದರೆ ಬರುತ್ತೇನೆ. ಆ ಹುಡುಗಿಯನ್ನು ಮುಟ್ಟಬೇಡ. ನಾನು ಬೈಯುತ್ತೇನೆ, ಹೌದು. ಆದರೆ ನನ್ನ ಮಗಳು ಕೂಡ ನನ್ನನ್ನು ಅವಳ ಹಾಗೆ ನೋಡಿಕೊಂಡವಳಲ್ಲ."

ಸೊಸೆಗೆ ಕಣ್ಣು ತುಂಬಿತು. ಕಣ್ಣೀರು ಇಳಿದಲ್ಲೆಲ್ಲ ಮಣ್ಣು ಬಿರಿದು ಮುಖ ತುಂಡುತುಂಡಾಗತೊಡಗಿತು. ಅದನ್ನು ನೋಡಿ ಅತ್ತೆ ಅಲ್ಲೇ ಕುಸಿದರು.

ಸೊಸೆ ಓಡಿಹೋಗಿ ಮುಖ ತೊಳೆದು, ನೀರು ಚಿಮುಕಿಸಿ ಎಬ್ಬಿಸಿದಳು. ಅತ್ತೆ ಎದ್ದು ಕೂತು, ಅಕ್ಕ ಬಂದಿದ್ದಳು ಎಂದರು. ಎಂತ ಹೇಳಿದರು ಎಂದು ಸೊಸೆ ಕೇಳಿದಳು.

ಅತ್ತೆ ಸೆರಗು ಸರಿ ಮಾಡಿಕೊಂಡರು. "ಸೊಸೆ ಸೋಮಾರಿ, ಅವಳ ಮೇಲೆ ಒಂದು ಕಣ್ಣಿಡು ಎಂದಳು."

ಈಗ ಅವಳ ಮುಖದಲ್ಲಿ ಎಣ್ಣೆಯ ಅಂಶವೇ ಇಲ್ಲ. ಆದರೂ ತಿಂಗಳಿಗೊಮ್ಮೆ ಬಂದು ಮುಲ್ತಾನಿ ಮಣ್ಣು ಒಯ್ಯುತ್ತಾಳೆ. ಇನ್ನು ಹಚ್ಚಬೇಡ ಮಾರಾಯ್ತಿ, ಚರ್ಮ ಒಣಗುತ್ತದೆ ಎಂದರೆ ಅವಳು ಹೇಳುವುದು, "ಒಣಗಲಿ. ನನ್ನನ್ನು ಹೊಗಳುವುದು ಕೇಳಬೇಕಾದರೆ ನನಗೆ ಬೇರೆ ದಾರಿ ಎಂತ ಉಂಟು?"