ಪಾಸ್ ಆಗದೆ ಪುಟ ತಿರುಗುವುದಿಲ್ಲ

ನನ್ನ ಅಳಿಯನಿಗೆ ಓದಲು ಬರುವುದಿಲ್ಲ! ಬ್ಯಾಂಕಿನಲ್ಲಿ ಆಫೀಸರು, ಮೈಸೂರಿನವರು, ಎರಡೆರಡು ಡಿಗ್ರಿ ಬೇರೆ. ಆದರೂ ಓದಲು ಬರುವುದಿಲ್ಲವೆಂದು, ಕಾಸರಗೋಡಿನಿಂದ ಕೊಚ್ಚಿಯ ಮಗಳ ಮನೆಗೆ ಬಂದ ಹೊಸತರಲ್ಲಿ ನಾನು ಗಟ್ಟಿಯಾಗಿ ನಂಬಿದ್ದೆ. ಮದುವೆಗೆ ಮುಂಚೆ ಜಾತಕ ನೋಡಿದೆವು, ಮನೆತನ ವಿಚಾರಿಸಿದೆವು, ಹಲ್ಲು ಸರಿ ಇದೆಯೇ ಎಂದೂ ಕದ್ದು ನೋಡಿದೆವು. ಓದಲು ಬರುತ್ತದೆಯೇ ಎಂದು ಯಾರು ಪರೀಕ್ಷೆ ಮಾಡುತ್ತಾರೆ ಹೇಳಿ?

ಆದದ್ದು ಇಷ್ಟು. ಒಂದು ಸಂಜೆ ಬ್ಯಾಂಕಿನಿಂದ ಬಂದವರು ಅಂಗಿ ಕೂಡ ಬದಲಿಸದೆ, ನನ್ನ ಪುಟ್ಟ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದ ಚಿತ್ರಪುಸ್ತಕ ತೆರೆದರು. "ಆನೆ ಸರಸರನೆ ತೆಂಗಿನಮರ ಹತ್ತಿತು" ಎಂದು ರಾಗವಾಗಿ ಓದಿದರು. ಅಲಸಂಡೆ ಮುರಿಯುತ್ತಿದ್ದ ನಾನು ಬಗ್ಗಿ ನೋಡಿದೆ. ನನ್ನ ಓದು ಮೂರನೇ ಕ್ಲಾಸಿನದು; ಅಕ್ಷರದ ಮೇಲೆ ಬೆರಳಿಟ್ಟು ಎತ್ತಿನಗಾಡಿಯ ಹಾಗೆ ಹೋಗುತ್ತದೆ. ಅಂಥ ನನಗೇ ಕಾಣುತ್ತಿದೆ, ಅಲ್ಲಿರುವುದು ಅಳಿಲು!

"ಅಲ್ಲ ಅಪ್ಪಾ, ಅಣ್ಣಾನ್!" ಮಗು ಮಲಯಾಳದಲ್ಲಿ ಕಿರುಚಿತು.

"ಅಣ್ಣಾನ್ ಅಂದ್ರೆ ಪಾಸ್ ಆಗಲ್ಲ ಮೇಡಂ. ಕನ್ನಡದಲ್ಲಿ ಹೇಳಿ."

"ಅಳಿಲು! ಅಳಿಲು!"

"ಪಾಸ್!" ಎಂದು ಅಳಿಯ ಪುಟ ತಿರುಗಿಸಿದರು.

ಆಮೇಲೆ ಮಗಳು ವಿವರಿಸಿದಳು. ಬ್ಯಾಂಕಿನಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಪಾಸ್ ಮಾಡದೆ ಯಾವ ಕೆಲಸವೂ ಮುಂದೆ ಹೋಗುವುದಿಲ್ಲವಂತೆ. ಅದನ್ನೇ ಇವರು ಮನೆಗೆ ತಂದಿದ್ದಾರೆ. ಅಪ್ಪ ಬೇಕೆಂದೇ ತಪ್ಪು ಓದಬೇಕು, ಮಗಳು ಹಿಡಿಯಬೇಕು. ಉಳಿದ ಗಂಡಸರು ಆಫೀಸಿನಿಂದ ಮನೆಗೆ ಸಿಟ್ಟು ತರುತ್ತಾರೆ. ನಮ್ಮವರು ತಂದದ್ದು ಇದನ್ನು!

ನಾನು ನಕ್ಕೆ, ಒಪ್ಪಿಕೊಳ್ಳುತ್ತೇನೆ. ಆದರೆ ಅದಕ್ಕೂ ಮುಂಚೆ ನನಗೂ ಮೊಮ್ಮಗಳಿಗೂ ಇದ್ದ ಸಂಬಂಧವೆಲ್ಲ ಎರಡು ಶಬ್ದದ್ದು. ದೋಸೆ ಹಾಕಲಾ ಎಂದರೆ "ವೇಂಡ", ಹಾಕಿದರೆ "ಮದಿ". ಬೇಡ, ಸಾಕು, ಮುಗಿಯಿತು! ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಅಪ್ಪನ ತಪ್ಪು ಹಿಡಿಯುವ ಆಸೆಗೆ ಆ ನಾಲಿಗೆ ಸಡಿಲವಾಯಿತು ನೋಡಿ! ದೊಡ್ಡವರನ್ನು ಬೈಯುವ ಅವಕಾಶ ಕೊಟ್ಟರೆ ಮಕ್ಕಳು ಯಾವ ಭಾಷೆಯನ್ನು ಬೇಕಾದರೂ ಕಲಿತಾರು.

ಈ ಹುಚ್ಚು ಮನೆಯೊಳಗಷ್ಟೇ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಒಮ್ಮೆ ಮದುವೆಯೊಂದಕ್ಕೆ ಹೊರಟು ವೈಟ್ಟಿಲದ ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದೆವು. ಅಳಿಯ ಚೀಲದಿಂದ ಪುಸ್ತಕ ತೆಗೆದು ಕರಡಿಯ ದನಿಯಲ್ಲಿ ಶುರುಮಾಡಿದರು. ಕನ್ನಡದ ಗಂಧವಿಲ್ಲದ ಎರಡು ಮಕ್ಕಳು ಬಂದು ಮೊಣಕಾಲಿಗೆ ಆತು ನಿಂತವು. ಫೋನು ಉಜ್ಜುತ್ತಿದ್ದ ಅವುಗಳ ಅಪ್ಪನೂ ಫೋನನ್ನು ಜೇಬಿಗೆ ಹಾಕಿ ಬಾಯಿ ತೆರೆದು ನಿಂತ. ಅಷ್ಟರಲ್ಲಿ ನಮ್ಮ ಬಸ್ಸು ಬಂತು, ಹೋಯಿತು!

"ಎಂತ ಮಾರಾಯ್ರೇ, ಬಸ್ಸು ಹೋಯಿತಲ್ಲ!"

"ಕರಡಿ ಇನ್ನೂ ಬಾವಿಯಿಂದ ಮೇಲೆ ಬಂದಿಲ್ಲ ಅತ್ತೆ. ಅದನ್ನ ಬಿಟ್ಟು ಹೇಗೆ ಹತ್ತೋದು?"

ಮುಹೂರ್ತ ತಪ್ಪಿತು, ಪಾಯಸ ಸಿಕ್ಕಿತು. ನಾನು ಹೊರಟದ್ದೂ ಪಾಯಸಕ್ಕೇ ಅನ್ನಿ.

ಹೀಗಿರುವಾಗ ಅಳಿಯನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಸೋಮವಾರ ಹೋದರೆ ಶನಿವಾರವೇ ಬರುವುದು. ಮಗಳಿಗೋ ಆಫೀಸು ಮುಗಿಯುವಾಗ ಕತ್ತಲಾಗುತ್ತದೆ. ನನಗೆ ಇದ್ದ ಹೆದರಿಕೆ ಒಂದೇ: ಮಗು ಮತ್ತೆ "ವೇಂಡ, ಮದಿ"ಗೆ ಇಳಿದರೆ ಇಡೀ ದಿನ ನಾನು ಯಾರ ಹತ್ತಿರ ಮಾತಾಡಲಿ? ಗೋಡೆಯ ಹತ್ತಿರವಾ?

ಅಳಿಯ ಅಷ್ಟಕ್ಕೆ ಬಿಡುವ ಗಿರಾಕಿಯೇ? ಒಂದೊಂದು ಪುಸ್ತಕವನ್ನೂ ಎರಡೆರಡು ಕೊಂಡು, ಒಂದನ್ನು ಇಲ್ಲಿಟ್ಟು ಇನ್ನೊಂದನ್ನು ಕಟ್ಟಿಕೊಂಡು ಹೋದರು. ಅಲ್ಲಿನ ಚಾಲೈ ಪೇಟೆಯ ಪಕ್ಕ ಅವರ ಕೋಣೆ. ಸಂಜೆಯಾದರೆ ಫೋನಿನಲ್ಲಿ ಮುಖ, ಹಿಂದಿನಿಂದ ಪೇಟೆಯ ಗಲಾಟೆ. ಹೊರೆಯಾಳು ದಾರಿ ಬಿಡಿ ಎಂದು ಕೂಗಿದರೆ ಕಥೆಯ ನರಿಯೂ ದಾರಿ ಬಿಡಬೇಕು!

"ಅಪ್ಪಾ, ಲಾರಿ ಪುಸ್ತಕದಲ್ಲಿ ಇಲ್ಲ!"

"ನನ್ನ ಪುಸ್ತಕದಲ್ಲಿ ಹಾರ್ನ್ ಹೊಡೀತಾ ಇದೆ ಮೇಡಂ. ಪಾಸ್ ಮಾಡಿಬಿಡಿ."

ಮಕ್ಕಳ ಜೊತೆ ಓದಲು ಸಮಯವಿಲ್ಲ ಎನ್ನುವ ಅಪ್ಪಂದಿರೇ, ನಿಮ್ಮನ್ನು ನಾನು ನಂಬುವುದಿಲ್ಲ. ಹೆಬ್ಬೆರಳು ಸವೆಯುವಷ್ಟು ಫೋನು ತಿಕ್ಕಲು ಸಮಯ ಉಂಟಲ್ಲ?

ಮೊನ್ನೆ ಫೋನು ಬಂದಾಗ ಮುಖ ಇತ್ತು, ದನಿ ಇರಲಿಲ್ಲ. ಗಂಟಲು ಪೂರ್ತಿ ಕಟ್ಟಿತ್ತು. ಮಗು ಪುಸ್ತಕ ತೆರೆದು ಕಾದು, ಕೊನೆಗೆ ಮುಚ್ಚಿತು. ಹಾಲು ಕೊಟ್ಟರೆ "ವೇಂಡ" ಎಂದಿತು.

ಫೋನಿನಿಂದ ಗೊರಗೊರ ಕೇಳಿಸಿತು. "ಅತ್ತೆ, ನೀವು ಓದಿ. ನಾನು ಕೇಳ್ತೀನಿ."

"ನಾನಾ? ನನ್ನ ಓದಿಗೆ ಪುಟ ಮುಗಿಯುವಾಗ ನಿಮಗೆ ಪೆನ್ಷನ್ ಬಂದೀತು!"

"ಬರಲಿ, ಓದಿ."

ಬೆರಳಿಟ್ಟು ಓದಿದೆ. ತೊದಲಿದೆ, ಒಂದು ಸಾಲನ್ನೇ ಹಾರಿಸಿದೆ. ಬೇಕೆಂದು ಮಾಡಿದ ತಪ್ಪಲ್ಲ, ಅಪ್ಪಟ ತಪ್ಪು! ಆದರೆ ಆ ಮಗುವಿಗೆ ಅದು ಹೇಗೆ ತಿಳಿಯಬೇಕು? ಕಥೆಯೆಲ್ಲ ಅದಕ್ಕೆ ಬಾಯಿಪಾಠ. ಕಣ್ಣು ಅರಳಿಸಿ, "ಅಜ್ಜೀ, ಸಿಕ್ಕಿಬಿದ್ದೆ! ಈ ಸಾಲು ಬಿಟ್ಟೆ!" ಎಂದು ಕುಣಿಯಿತು. ಅಚ್ಚ ಕನ್ನಡದಲ್ಲಿ. ತಪ್ಪೇ ಆಟವಾಗಿರುವ ಮನೆಯಲ್ಲಿ ತಪ್ಪಿ ಓದಿದ ಮುದುಕಿಗೆ ಎಂಥ ನಾಚಿಕೆ?

ನನ್ನ ಅಪ್ಪ ಅಣ್ಣಂದಿರನ್ನು ಜಗಲಿಯಲ್ಲಿ ಕೂರಿಸಿ ಓದಿಸುತ್ತಿದ್ದರು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು, ಒಳಗೆ ಅಕ್ಕಿ ಆರಿಸುತ್ತಾ ಕಿವಿಯಲ್ಲೇ ಅಷ್ಟಿಷ್ಟು ಹೆಕ್ಕಿಕೊಂಡವಳು. ನೀನು ಓದು, ನಾನು ಕೇಳುತ್ತೇನೆ ಎಂದು ಅಪ್ಪ ಹೇಳಲಿಲ್ಲ, ಗಂಡನೂ ಹೇಳಲಿಲ್ಲ. ಹೇಳಲು ಈ ಹುಚ್ಚು ಅಳಿಯನೇ ಬರಬೇಕಾಯಿತು, ಅದೂ ಹೋದ ಗಂಟಲಿನಲ್ಲಿ.

ಪುಟದ ಕೊನೆಗೆ ಬಂದು ಮೊಮ್ಮಗಳ ಮುಖ ನೋಡಿದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು.

"ಪಾಸ್, ಅಜ್ಜಿ. ತಿರುಗಿಸು."