ದೇವರ ಕೋಣೆಯಲ್ಲಿ ಮಲಗಿದ ಮೊಬೈಲು

ಮಲಗಿದವರನ್ನೆಲ್ಲ ಕಾಯುತ್ತ, ತಾನು ಮಾತ್ರ ಹಾವಿನ ಹಾಸಿಗೆಯ ಮೇಲೆ ಅರೆಗಣ್ಣು ತೆರೆದೇ ಒರಗಿರುವ ಕ್ಷೀರಸಾಗರವಾಸಿಗೆ ಮೊದಲ ವಂದನೆ. ಕರೆದಾಗ ಬಾರದೆ, ಕರೆಯದಾಗ ಪುರಾಣದ ನಟ್ಟನಡುವೆ ಬಂದು ಕುತ್ತಿಗೆ ಹಿಡಿದು ಬಾಗಿಸುವ ನಿದ್ರಾದೇವಿಗೆ ಎರಡನೆಯದು. ಕೃತ ತ್ರೇತ ದ್ವಾಪರಗಳು ಕಳೆದು, ಕಲಿಯುಗದಲ್ಲಿಯೂ ಮನುಷ್ಯರು ತಲೆಯೆತ್ತಿ ನಡೆಯುತ್ತಿದ್ದ ಪೂರ್ವಾರ್ಧವು ಮುಗಿದು, ಸಕಲ ಜನರೂ ತಲೆ ತಗ್ಗಿಸಿ ತಮ್ಮ ಅಂಗೈಯನ್ನೇ ನೋಡಿಕೊಳ್ಳುವ ಕಾಲವು ಪ್ರಾಪ್ತವಾಗಿರಲು, ಇಳಕಲ್ಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಡೆದ ಮಹಾಸಮರವಿದು. ಕೇಳುವವರು ಕಾಲು ಮಡಚಿ ಕುಳಿತುಕೊಳ್ಳಲಿ. ಕೈಯಲ್ಲಿರುವುದನ್ನು ಕೆಳಗಿಡಲಿ.

ಆ ಓಣಿಯ ಪ್ರಾಣೇಶರಾಯರ ಮನೆಯಲ್ಲಿ ವೈಜಯಂತಿಯೆಂಬ ಹದಿನೈದರ ಕನ್ಯೆಯಿದ್ದಳು. ಅವಳು ಕರತಲಭಾಸುರಕಾಚಫಲಕಧಾರಿಣಿ, ಹೆಬ್ಬೆರಳೊಂದರಿಂದಲೇ ಹದಿನಾಲ್ಕು ಲೋಕಗಳನ್ನು ಸರಸರನೆ ಮೇಲಕ್ಕೆ ತಳ್ಳಬಲ್ಲ ಅಂಗುಷ್ಠಚಾಲನಚತುರೆ, ಮನೆಯವರೆಲ್ಲ ಮಲಗಿದ ಮೇಲೆ ಹೊದಿಕೆಯೊಳಗೆ ನೀಲಿ ಬೆಳಕಿನ ಗುಹೆಯೊಂದನ್ನು ರಚಿಸಿ ತಪಸ್ಸಿಗೆ ಕೂಡುವ ಕಂಬಳಿಗುಹಾಂತರವಾಸಿನಿ. ಆ ತಪಸ್ಸಿನ ಫಲವಾಗಿ ಕಾಡಿಗೆ ಹಚ್ಚದೆಯೇ ಕಣ್ಣಿನ ಕೆಳಗೆ ಕಪ್ಪು ಮೂಡಿತ್ತು. ಗಣಿತದ ತರಗತಿಯಲ್ಲಿ ಸಮಾಧಿಸ್ಥಿತಿಯು ತಾನಾಗಿಯೇ ಲಭಿಸುತ್ತಿತ್ತು.

ಎದುರಾಳಿಯಾದರೂ ಸಾಮಾನ್ಯಳೇ? ವೈಜಯಂತಿಯ ತಂದೆಯ ತಾಯಿ ಗೋದಾಬಾಯಿ. ಜಪಮಣಿಘರ್ಷಣಕಠಿನಾಂಗುಲಿ, ಏಕಾದಶೀವ್ರತಕೃಶಾಂಗಿ, ಆದರೂ ಸಿಂಹಕಂಠಿ. ಯಾರ ಒಂದು ಗದರಿಕೆಗೆ ಉಕ್ಕುವ ಹಾಲು ಹಿಂದಕ್ಕೆ ಇಳಿಯುತ್ತಿತ್ತೋ, ಅಟ್ಟದ ಬೆಕ್ಕು ತಾನೇ ಕೆಳಗೆ ಬಂದು ತಪ್ಪೊಪ್ಪಿಕೊಳ್ಳುತ್ತಿತ್ತೋ, ಅಂಥ ಅಜ್ಜಿ.

ಧನುರ್ಮಾಸದ ಹಿಂದಿನ ದಿನ, ರಾತ್ರಿಯ ಮಂಗಳಾರತಿ ಮುಗಿದಿತ್ತು. ಅಂಗೈಯಗಲದ ಹಿತ್ತಾಳೆಯ ಕೃಷ್ಣನಿಗೆ ಲಾಲಿ ಹಾಡಿ ಮಲಗಿಸುವ ಹೊತ್ತು. ಒಮ್ಮೆ ದೇವರ ಕೋಣೆಯ ಬಾಗಿಲು ಹಾಕಿದರೆ ಮುಗಿಯಿತು. ಬೆಳಗ್ಗೆ ಮಿಂದು ಮಡಿಯಾಗದೆ ಅದರ ಹೊಸ್ತಿಲು ದಾಟಿದವರು ಮೂರು ತಲೆಮಾರಿನಲ್ಲಿ ಇಲ್ಲ. ಇಲಿಯೊಂದು ದಾಟಿತ್ತು, ಅದರ ಗತಿ ಬೆಕ್ಕಿಗೆ ಗೊತ್ತು.

ಅಜ್ಜಿ ಹೊಸ್ತಿಲಲ್ಲಿ ನಿಂತು ಹಿತ್ತಾಳೆಯ ತಟ್ಟೆಯನ್ನು ಮುಂದೆ ಚಾಚಿದಳು.

"ಏ ವೈಜೂ, ಆ ಡಬ್ಬಿ ಇದರಾಗ ಇಡು. ಇವತ್ತಿಂದ ಅದು ದೇವರ ಜೋಡಿ ಮಲಗ್ತದ."

"ದೇವರಿಗ್ಯಾಕ ಬೇಕಜ್ಜೀ ಮೊಬೈಲು?"

"ದೇವರಿಗೂ ಬ್ಯಾಡ, ನಿನಗೂ ಬ್ಯಾಡ. ಕನ್ನಡಿ ನೋಡ್ಕೊಂಡೀಯೇನ? ಕಣ್ಣು ಎರಡೂ ಗುಳಿಬಿದ್ದು ಕೊಬ್ಬರಿ ಗಿಟಕ ಆಗ್ಯಾವ."

ಅಡುಗೆಮನೆಯಿಂದ ತಾಯಿ ನಡುವೆ ಬಂದಳು. "ಇರ್ಲಿ ಬಿಡ್ರಿ ಅತ್ತ್ಯಾ, ನಾಳಿಂದ ನೋಡೋಣಂತ."

"ನಾಳಿಂದ ನಾಳಿಂದ ಅಂತ ದಸರಾದಿಂದ ನೋಡ್ಲಿಕತ್ತೀನಿ," ಎಂದು ಅಜ್ಜಿ ಆ ರಾಯಭಾರವನ್ನು ಅಲ್ಲಿಯೇ ಮುರಿದಳು. ಬಳಿಕ ಮೊಮ್ಮಗಳ ಕಡೆಗೆ ತಿರುಗಿ ಪಣ ಸಾರಿದಳು. "ಕೇಳಿಲ್ಲೆ. ನಾಳೆ ಸೂರ್ಯ ಹುಟ್ಟೂದ್ರಾಗ ಮಿಂದು ಮಡಿಲೇ ಈ ಹೊಸ್ತಿಲಾ ದಾಟಿದಿ ಅಂದ್ರ, ಈ ಡಬ್ಬಿ ನಿನ್ನ ತಲಿದಿಂಬಿನ ಬಾಜೂಕ. ನಾ ಮತ್ತ ಒಂದು ಮಾತು ಆಡೂದಿಲ್ಲ. ಏಳಲಿಲ್ಲೋ, ಸಂಕ್ರಮಣದ ತನಕಾ ರಾತ್ರಿ ಇದು ಕೃಷ್ಣಪ್ಪನ ಕಡೆ."

ಸಂಕ್ರಮಣದ ತನಕ! ವೈಜಯಂತಿ ಬೆರಳು ಮಡಚಿ ಎಣಿಸಿದಳು. ರಾತ್ರಿಯ ಗುಹೆಯಿಲ್ಲದ ಒಂದು ತಿಂಗಳು! ಗೆಳತಿಯರೆಲ್ಲ ಮಾತಾಡುವುದೇ ಆ ಹೊತ್ತಿಗೆ. ಬೆಳಗ್ಗೆ ಶಾಲೆಗೆ ಹೋದರೆ ಅವರು ಯಾವುದಕ್ಕೆ ನಗುತ್ತಿದ್ದಾರೆಂಬುದೇ ತಿಳಿಯದು. ಆದರೆ ವೀರರಕ್ತವು ಹಿಂಜರಿಯುವುದುಂಟೆ? ಅವಳಾಡಿದ ಮಾತನ್ನು ಕಾವ್ಯಕ್ಕೆ ತಕ್ಕಂತೆ ಹೇಳುವುದಾದರೆ ಹೀಗೆ: "ಎಲೌ ವೃದ್ಧಮಾತೆ! ಕುಕ್ಕುಟಗಳು ಕೊರಳೆತ್ತುವ ಮುನ್ನ, ಅರುಣನು ರಥಕ್ಕೆ ಕುದುರೆ ಹೂಡುವ ಮುನ್ನ, ಶೀತೋದಕಸ್ನಾತೆಯಾಗಿ ಈ ದೇಹಲಿಯನ್ನು ಲಂಘಿಸದಿದ್ದರೆ ನಾನು ಪ್ರಾಣೇಶತನಯೆಯೇ ಅಲ್ಲ!" ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ:

"ಏಳ್ತೀನಿ ತಗೋ, ಏನ ದೊಡ್ಡ ಮಾತದು. ತಡಿ, ಅಲಾರಾಂ ಇಟ್ಟು ಕೊಡ್ತೀನಿ."

"ಇಡು. ಬಾಗಲಾ ಹಾಕಿದ್ರೂ ಕೇಳೂ ಹಂಗ ಇಡು," ಎಂದು ಅಜ್ಜಿ ಉದಾರಳಾದಳು. ವೈಜಯಂತಿ ಧ್ವನಿಯನ್ನು ತುತ್ತತುದಿಗೆ ಏರಿಸಿ, ನಿಟ್ಟುಸಿರೊಂದಿಗೆ ತನ್ನ ದಿವ್ಯಾಸ್ತ್ರವನ್ನು ತಟ್ಟೆಯಲ್ಲಿಟ್ಟಳು. ಅಜ್ಜಿ ಅದರ ಮೇಲೆ ಶುದ್ಧಿಗಾಗಿ ಎರಡು ಹನಿ ನೀರು ಚಿಮುಕಿಸಹೋದಾಗ "ನೀರು ಬ್ಯಾಡಜ್ಜೀ!" ಎಂಬ ಆರ್ತನಾದವೆದ್ದಿತು. ನೀರಿನ ಬದಲು ತುಳಸಿಯ ದಳವೊಂದನ್ನಿಡುವುದೆಂದು ಸಂಧಿಯಾಯಿತು. ಕೃಷ್ಣನ ಪಕ್ಕದಲ್ಲಿ ಮೊಬೈಲು ಮಲಗಿತು. ಬಾಗಿಲು ಮುಚ್ಚಿತು.

ಆ ಇರುಳಿನ ಯಾತನೆಯನ್ನು ಏನೆಂದು ಬಣ್ಣಿಸುವುದು! ಆಯುಧ ಕಳೆದುಕೊಂಡ ಹೆಬ್ಬೆರಳು ಕತ್ತಲೆಯಲ್ಲಿ ಬರಿಯ ಗಾಳಿಯನ್ನು ಮೇಲಕ್ಕೆ ತಳ್ಳಿತು. ಗಾಳಿ ಸರಿಯಲಿಲ್ಲ. ಎಡಕ್ಕೆ ಹೊರಳಿದಳು, ಬಲಕ್ಕೆ ಹೊರಳಿದಳು. ತಂದೆಯ ಗೊರಕೆ, ಪಡಸಾಲೆಯಲ್ಲಿ ಅಜ್ಜಿಯ ಒಣಕೆಮ್ಮು, ದೂರದಲ್ಲೊಂದು ಬಸ್ಸು ಹಿಂದಕ್ಕೆ ಸರಿಯುವ ಸದ್ದು. ಈ ಮನೆಗೆ ರಾತ್ರಿಯೂ ಇಷ್ಟೊಂದು ಮಾತಿದೆಯೆಂಬುದು ಅವಳಿಗೆ ಮರೆತೇಹೋಗಿತ್ತು. ಅಜ್ಜಿ ಎಷ್ಟು ಕೆಮ್ಮುತ್ತಾಳೆ, ಅಂದುಕೊಂಡಳು. ಹಾಗೆ ಅಂದುಕೊಳ್ಳುತ್ತಿದ್ದಂತೆ, ಕರೆಯದೆ ಬರುವವಳು ಬಂದಳು.

ಬ್ರಾಹ್ಮೀ ಮುಹೂರ್ತ. ಮಾಗಿಯ ಚಳಿ ಹಂಚಿನ ಸಂದಿಯಿಂದ ಇಳಿಯುತ್ತಿತ್ತು. ಆಗ ಮುಚ್ಚಿದ ದೇವರ ಕೋಣೆಯ ಒಳಗಿನಿಂದ, ಗರ್ಭಗುಡಿಯ ನಗಾರಿಯಂತೆ, ಒಂದು ವಾಣಿ ಮೊಳಗಿತು:

"ಏಳ್ತೀಯೋ ಇಲ್ಲೋ! ಹೊತ್ತು ಮಾರುದ್ದ ಏರ್ಯದ, ಎಮ್ಮಿ ಹಂಗ ಬಿದ್ಕೊಂಡೀ! ಬೆಣ್ಣಿ ತಿಂದು ತಿಂದು ಮೈ ಬಂದದ! ನಾಚಿಕಿ ಅದನೇನ ಒಂಚೂರರ?"

ಅದು ಗೋದಾಬಾಯಿಯ ಧ್ವನಿ. ಆದರೆ ಗೋದಾಬಾಯಿ ಪಡಸಾಲೆಯ ಮಂಚದ ಮೇಲೆ ಬಾಯಿ ತೆರೆದು ಕುಳಿತಿದ್ದಳು.

"ಎದ್ನೆವ್ವಾ, ಎದ್ದೆ!" ಎನ್ನುತ್ತ ಐವತ್ತು ದಾಟಿದ ಪ್ರಾಣೇಶರಾಯರು ಹಾಸಿಗೆಯಿಂದ ಜಿಗಿದು ನಿಂತರು. ವೈಜಯಂತಿಯ ತಾಯಿ ದೀಪ ಹಾಕಿ, ಅತ್ತೆಯನ್ನೂ ಮುಚ್ಚಿದ ಬಾಗಿಲನ್ನೂ ನೋಡಿ, "ನೀವು ಇಲ್ಲೇ ಇದ್ದೀರಿ. ಮತ್ತ ಒಳಗ ಯಾರ್ರೀ ಅತ್ತ್ಯಾ?" ಎಂದಳು.

ನಿಜವೇನೆಂದರೆ, ಬೇಸಿಗೆಯಲ್ಲಿ ಯಾವ ಗಂಟೆ, ಯಾವ ಹಾಡು, ಯಾವ ಕೋಳಿಯ ಕೂಗೂ ತನ್ನನ್ನು ಎಬ್ಬಿಸಲಾರದೆ ಸೋತಾಗ, ವೈಜಯಂತಿ ಅಜ್ಜಿಯ ಬೈಗುಳವನ್ನೇ ಗುಟ್ಟಾಗಿ ಮೊಬೈಲಿನಲ್ಲಿ ಹಿಡಿದು ಅಲಾರಾಮಿಗೆ ಕೂಡಿಸಿದ್ದಳು; ಇಷ್ಟು ದಿನ ಅದು ದಿಂಬಿನಡಿಯಲ್ಲಿ ಅವಳೊಬ್ಬಳಿಗೇ ಕೇಳುವಷ್ಟು ಗೊಣಗುತ್ತಿತ್ತು. ಅವಳನ್ನು ಎಬ್ಬಿಸಬಲ್ಲ ನಾದವು ಮೂರು ಲೋಕದಲ್ಲಿ ಅದೊಂದೇ. ಆದರೆ ಅದನ್ನು ದೇವರ ಪಕ್ಕದಲ್ಲಿಟ್ಟರೆ ಯಾರನ್ನು ಎಬ್ಬಿಸಿದಂತಾಗುತ್ತದೆ ಎಂಬುದು ಹೊಳೆದಿರಲಿಲ್ಲ.

"ಎಮ್ಮಿ ಹಂಗ ಬಿದ್ಕೊಂಡೀ!" ಎಂದಿತು ಕೋಣೆ, ಮತ್ತೊಮ್ಮೆ.

"ಅಯ್ಯ ಅಯ್ಯ, ನನ್ನ ಕೃಷ್ಣಪ್ಪಗ ಎಮ್ಮಿ ಅಂತದಲ್ಲೇ! ಅದೂ ನನ್ನ ದನೀಲೇ! ನಿಲ್ಲಸೇ ಅದನ್ನ!"

"ಹೆಂಗಜ್ಜೀ? ಮಿಂದಿಲ್ಲಲಾ ಯಾರೂ!"

ಎಲ್ಲರೂ ಹೊಸ್ತಿಲ ಈಚೆ, ಎಳೆದ ಗೆರೆಯ ಮುಂದೆ ನಿಂತ ಸೈನ್ಯದಂತೆ ನಿಂತರು. ನೀರು ಕಾಯುವ ಬಂಬಕ್ಕೆ ಇನ್ನೂ ಬೆಂಕಿ ಬಿದ್ದಿರಲಿಲ್ಲ. ಕಾಯುವಷ್ಟರಲ್ಲಿ ಭಗವಂತನು ಇನ್ನೆಷ್ಟು ಬೈಸಿಕೊಳ್ಳಬೇಕೋ! ಆಗ ಅಜ್ಜಿ ಸೆರಗು ಸಿಕ್ಕಿಸಿ, "ನಾನ ತಣ್ಣೀರು ಹಾಕ್ಕೋತೀನಿ" ಎಂದು ಬಚ್ಚಲಿನ ಕಡೆಗೆ ಹೊರಟಳು. ಎರಡು ಹೆಜ್ಜೆಗೇ ಕೆಮ್ಮು ಅವಳನ್ನು ಹಿಡಿದು ಗೋಡೆಗೆ ಒರಗಿಸಿತು.

ವೈಜಯಂತಿ ಅದನ್ನು ಕಂಡಳು. ಪಣ ಮರೆತುಹೋಯಿತು, ಸಂಕ್ರಮಣ ಮರೆತುಹೋಯಿತು. "ನೀ ಕೂಡು ಅಜ್ಜಿ!" ಎಂದು ಕೂಗಿ, ಅಜ್ಜಿಯನ್ನು ದಾಟಿ ಬಚ್ಚಲಿಗೆ ಧಾವಿಸಿದಳು.

ಆಹಾ, ಆ ಸಾಹಸ! ಹಿಮಗಿರಿಯೇ ಕರಗಿ ತುಂಬಿದಂತಿದ್ದ ಹಂಡೆ. ಅದರೊಳಗೆ ತಂಬಿಗೆಯನ್ನು ಅದ್ದಿ, ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ಸುರಿದುಕೊಂಡಾಗ ಆ ಕಂಠದಿಂದ ಹೊರಟ ಚೀತ್ಕಾರಕ್ಕೆ ಓಣಿಯ ನಾಯಿಗಳು ದಿಕ್ಕಾಪಾಲಾದವು. ಎರಡನೆಯ ತಂಬಿಗೆಗೆ ಹಲ್ಲುಗಳು ಯುದ್ಧವಾದ್ಯ ನುಡಿಸಿದವು. ಮೂರನೆಯದಕ್ಕೆ ದೇಹವಿದೆಯೆಂಬ ಭ್ರಾಂತಿಯೇ ಹೋಗಿ ವೈರಾಗ್ಯ ಹುಟ್ಟಿತು. ಒದ್ದೆ ಬಟ್ಟೆಗೆ ಮೈಲಿಗೆಯಿಲ್ಲವೆಂಬುದು ಆ ಮನೆಯ ಶಾಸ್ತ್ರ. ತೊಟ್ಟಿಕ್ಕುತ್ತಲೇ ಬಂದು ಬಾಗಿಲು ನೂಕಿ, ಹೊಸ್ತಿಲು ದಾಟಿ, ಮರಗಟ್ಟಿದ ಹೆಬ್ಬೆರಳಿನಿಂದ ಆ ಗರ್ಜನೆಯ ಕುತ್ತಿಗೆ ಒತ್ತಿದಳು.

ನಿಶ್ಶಬ್ದ. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ನಂದಾದೀಪದ ಬೆಳಕಿನಲ್ಲಿ ನೋಡಿದರೆ, ನಡುಗಿ ನಡುಗಿ ತಟ್ಟೆಯಿಂದ ಹೊರಬಿದ್ದಿದ್ದ ಮೊಬೈಲು ಕೃಷ್ಣನ ಪಾದಕ್ಕೆ ತಲೆ ಹಚ್ಚಿತ್ತು, ತಪ್ಪಾಯಿತೆಂದು ಕೇಳುವಂತೆ. ಅವನಾದರೋ ಎಂದಿನಂತೆ ಬೆಣ್ಣೆಯುಂಡೆ ಹಿಡಿದು ನಗುತ್ತಿದ್ದ.

ಅಜ್ಜಿ ಹೊಸ್ತಿಲಾಚೆಯಿಂದ ಮೆಲ್ಲಗೆ ಕೇಳಿದಳು. "ವೈಜೂ, ನಾ ಖರೇನ ಹಿಂಗ ಬೈತೀನೇನ?"

"ದಿ-ದಿನಾ ಬೈತಿ. ಅದಕ್ಕ ಏಳ್ತೀನಿ."

ಅಜ್ಜಿ ದೇವರಿಗೆ ಕೈ ಮುಗಿದಳು. "ತಪ್ಪಾತಪ್ಪಾ ತಂದೆ. ಹೊಟ್ಯಾಗ ಹಾಕ್ಕೋ." ಆಮೇಲೆ ದನಿ ತಗ್ಗಿಸಿ, "ಆದ್ರ ಬೆಣ್ಣಿ ಮಾತು ಮಾತ್ರ ಸುಳ್ಳಲ್ಲ, ನಿನಗೂ ಗೊತ್ತದ," ಎಂದಳು.

ಹೀಗೆ ಪಣ ಗೆಲ್ಲಲ್ಪಟ್ಟಿತು. ಬಿಸಿ ಹುಗ್ಗಿಯ ನೈವೇದ್ಯವಾಯಿತು. ವಿಜಯಿನಿಗೆ ಎರಡು ಸೌಟು ಹೆಚ್ಚು ಬಿತ್ತು, ಮೇಲೆ ತುಪ್ಪ. ಗೋದಾಬಾಯಿ ನುಡಿಗೆ ತಪ್ಪುವವಳಲ್ಲ. ಅಂದು ರಾತ್ರಿ ತಾನೇ ಮೊಬೈಲನ್ನು ತಂದು ಮೊಮ್ಮಗಳ ತಲೆದಿಂಬಿನ ಪಕ್ಕದಲ್ಲಿಟ್ಟು, ಒಂದು ಮಾತೂ ಆಡದೆ ಹೋದಳು.

ವೈಜಯಂತಿ ಹೊದಿಕೆ ಎಳೆದುಕೊಂಡಳು. ಧರ್ಮಯುದ್ಧದಲ್ಲಿ ಜಯಿಸಿದ ಸಾಮ್ರಾಜ್ಯವು ನೀಲಿಯಾಗಿ ಬೆಳಗಿತು. ಗೆಳತಿಯರ ಮಾತು, ಹಾಡು, ನಗೆ, ಹದಿನಾಲ್ಕು ಲೋಕಗಳು ಸಾಲುಗಟ್ಟಿ ಕಾದಿದ್ದವು. ಹೆಬ್ಬೆರಳನ್ನೆತ್ತಿ ಮೊದಲನೆಯ ಲೋಕವನ್ನು ಮೇಲಕ್ಕೆ ತಳ್ಳಿದಳು. ಎರಡನೆಯದನ್ನು ಅರ್ಧ ತಳ್ಳಿದಳು. ಬ್ರಾಹ್ಮೀ ಮುಹೂರ್ತಕ್ಕೆದ್ದ ಕಣ್ಣುಗಳು ಮುಚ್ಚಿದವು. ದಿವ್ಯಾಸ್ತ್ರವು ಕೈಜಾರಿ, ಮೇಲಿನಿಂದ ನೇರವಾಗಿ ಅವಳ ಮೂಗಿನ ಮೇಲೆ ಬಿತ್ತು. ಅವಳು ಏಳಲಿಲ್ಲ.

ಬೆಳಕು ಕಂಡು ಅಜ್ಜಿ ಬಂದಳು. ಮೊಬೈಲನ್ನೆತ್ತಿ ಆರಿಸಲು ತಿಳಿಯದೆ, ಮೇಲುಕೆಳಗು ಮಾಡಿ ನೋಡಿ, ಕೊನೆಗೆ ಬೋರಲಾಗಿ ಇಟ್ಟಳು. ಹೊದಿಕೆ ಸರಿಪಡಿಸಿದಳು. "ಮಲಕೋ ಎಮ್ಮಿ," ಎಂದಳು, ಯಾರಿಗೂ ಕೇಳದಷ್ಟು ಮೆತ್ತಗೆ.

ಇಲ್ಲಿಗೆ ಮಹಾಸಮರವು ಸಂಪೂರ್ಣವಾಯಿತು. ಇದನ್ನು ಭಕ್ತಿಯಿಂದ ಕೇಳಿದವರಿಗೆ ಒಳ್ಳೆಯ ನಿದ್ದೆ ಬರಲಿ. ಕಾದಿ ಗೆದ್ದವಳಿಗೆ ದಕ್ಕಿದ್ದು ಮೂಗಿನ ಮೇಲೊಂದು ಕೆಂಪು ಗೆರೆ; ಅದೂ ಬೆಳಗಾಗುವುದರೊಳಗೆ ಮಾಸಿತು.