ಪದ ಬಂತು, ಪದಾರ್ಥ ಬರಲಿಲ್ಲ

"ಇನ್ಮೇಲೆ ಏನು ಬೇಕಾದ್ರೂ ನನ್ನನ್ನ ಕೇಳಬೇಡಮ್ಮ, ಇದನ್ನ ಕೇಳು. ಮಾತು ಮುಗಿಯೋದ್ರೊಳಗೆ ತಂದುಕೊಡುತ್ತೆ!"

ಕಾಲು ಮುರಿದು ಮಲಗಿದ್ದ ತಾಯಿಯ ಮುಂದೆ ಎಂಜಿನಿಯರ್ ಮಗ ಎದೆಯುಬ್ಬಿಸಿ ಘೋಷಿಸಿದ. ಪಕ್ಕದಲ್ಲಿ ಸೊಂಟದೆತ್ತರದ, ಎರಡು ಕೈ ನಾಲ್ಕು ಚಕ್ರದ ರೋಬೋ. ಆಫೀಸಿನವರನ್ನು ಕಾಡಿ ಬೇಡಿ ತಂದದ್ದು. ಮನೆಯವರು ಆಗಲೇ ಅದಕ್ಕೆ ಗುಂಡ ಎಂದು ಹೆಸರಿಟ್ಟಿದ್ದರು.

ಗುಂಡನಿಗೆ ಸಾವಿರಾರು ಪದ ಬಾಯಿಪಾಠ. ಯಾವ ಪದ ಯಾವ ವಸ್ತುವಿಗೆ ಸೇರಿದ್ದು ಎಂಬುದೊಂದೇ ಗೊತ್ತಿಲ್ಲ. ಅದಕ್ಕೇನಂತೆ? ಎಂಜಿನಿಯರ್ ಬೆಳಗ್ಗೆಯೇ ಕೂತು ಲೋಟ, ದಿಂಬು, ಕನ್ನಡಕ, ನೀರಿನ ಜಗ್ಗು, ಕಂಡದ್ದಕ್ಕೆಲ್ಲ ಹೆಸರಿನ ಚೀಟಿ ಅಂಟಿಸಿದ.

"ನನ್ನ ಹಣೆಗೂ ಒಂದು ಅಂಟಿಸಿಬಿಡಿ, ನೀವಾದ್ರೂ ಗುರುತು ಹಿಡೀತೀರಿ," ಎಂದಳು ಶಾಲೆಗೆ ಪಾಠ ಹೇಳಲು ಹೊರಟಿದ್ದ ಹೆಂಡತಿ.

"ಪದಕ್ಕೆ ಅರ್ಥ ಸೇರಿದ್ರೆ ಪದಾರ್ಥ ಕಣೇ! ಸಾಯಂಕಾಲ ಬಂದು ನೋಡು!"

ಮೂರು ಗಂಟೆಗೆ ತಾಯಿಗೆ ಬಾಯಾರಿತು. "ಗುಂಡ, ನೀರು ತಾರಪ್ಪ."

ಗುಂಡ ಗರ್ರನೆ ಹೊರಟಿತು. ಮಗ ಕೂತಿದ್ದ ಮೇಜಿನ ಬಳಿ ನಿಂತು, ಜಗ್ಗಿನ ಮೇಲಿನ 'ನೀರು' ಚೀಟಿಯನ್ನು ಬಾಳೆಹಣ್ಣಿನ ಸಿಪ್ಪೆಯಂತೆ ನಾಜೂಕಾಗಿ ಬಿಡಿಸಿ, ತಂದು ತಾಯಿಯ ಕೈಗಿಟ್ಟಿತು!

ಎಂಜಿನಿಯರ್‌ಗೆ ಬೇಸರವಾಗುವ ಬದಲು ರೋಮಾಂಚನವಾಯಿತು. ಹಾಗಾದರೆ ಇದರ ಪಾಲಿಗೆ ನೀರು ಎಂದರೆ ಆ ಅಕ್ಷರಗಳೇ. ಜಗ್ಗು ಏನಿದ್ದರೂ ಚೀಟಿ ಅಂಟಿಸುವ ಗೋಡೆ! ಮೊಣಕೈಗೆ ತಗಲುತ್ತಿದ್ದ ಜಗ್ಗಿಗೆ ಹೊಸ ಚೀಟಿ ಅಂಟಿಸಿ, ಲ್ಯಾಪ್‌ಟಾಪಿನಲ್ಲಿ ಏನೋ ತಿದ್ದಿದ.

"ಇನ್ನೊಂದ್ಸಲ ಕೇಳಮ್ಮ."

ತಾಯಿ ಕೇಳಿದರು. ಚೀಟಿ ಬಂತು. ಮತ್ತೆ ಅಂಟಿಸಿದ, ಮತ್ತೆ ತಿದ್ದಿದ.

"ಇದೊಂದೇ ಸಲ."

ಮತ್ತೆ ಚೀಟಿ.

ಹೆಂಡತಿ ಮನೆಗೆ ಬಂದಾಗ ಅತ್ತೆಯ ತುಟಿ ಒಣಗಿತ್ತು. ಹೊದಿಕೆಯ ಮೇಲೆ ಏಳು 'ನೀರು' ಬಿದ್ದಿದ್ದವು. ಹೊದಿಕೆ ಮಾತ್ರ ಒದ್ದೆಯಾಗಿರಲಿಲ್ಲ!

"ಏನ್ರೀ ಇದು ಅವತಾರ?"

"ಅದರ ತಪ್ಪಲ್ಲ ಕಣೇ," ಎಂದ ಅವನು, ಮೆಲ್ಲಗೆ ಯೋಚಿಸುತ್ತಾ. "ಅದಕ್ಕೆ ಯಾವತ್ತೂ ಬಾಯಾರಿಲ್ಲ ನೋಡು. ಬಾಯಾರದೋರಿಗೆ ನೀರು ಅನ್ನೋದು ಬರೀ ಎರಡಕ್ಷರ." ಎಂಥ ಮಾತು! ತನ್ನ ಮಾತಿಗೆ ತಾನೇ ತಲೆದೂಗಿದ.

ಹೆಂಡತಿ ಲೋಟಕ್ಕೆ ನೀರು ಬಗ್ಗಿಸಿ ಅತ್ತೆಗೆ ಕುಡಿಸಿದಳು. ತಾಯಿ ಗಂಟಲು ಸರಿಮಾಡಿಕೊಂಡು ಮಗನ ಮುಖ ನೋಡಿದರು.

"ಅದಕ್ಕೆ ಬಾಯಾರಲ್ಲ, ಒಪ್ಪಿದೆ. ನಿನಗೆ ಬಾಯಾರುತ್ತಲ್ಲೋ! ಮತ್ತೆ ನೀನ್ಯಾಕೆ ಏಳು ಸಲಾನೂ ಚೀಟೀನೇ ಅಂಟಿಸ್ತಾ ಕೂತಿದ್ದೆ?"